ಅಳತೆ ಹಾಡು

ಬ್ಲೌಸ್ ಹೊಲಿಸಲು ಬರುವವರಿಗೆ ನಾನು ಟೇಪು ಹಿಡಿಯುವುದು ಕಡಿಮೆ. ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ತನ್ನಿ ಎನ್ನುತ್ತೇನೆ. ಅದನ್ನು ಹೊಸ ಬಟ್ಟೆಯ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಅರ್ಧ ಕೆಲಸ ಮುಗಿದಂತೆ. ತುಮಕೂರಿನ ಮರಳೂರಿನಲ್ಲಿ, ನಮ್ಮ ಬೀದಿಯಲ್ಲಿ, ಅದಕ್ಕೆ ಅಳತೆ ಬ್ಲೌಸ್ ಎನ್ನುತ್ತಾರೆ.

ನನ್ನ ಮಗಳು ಕೃತಿಕಾ ಮಾಡುವ ಕೆಲಸ ನನಗೆ ಅರ್ಥವಾದದ್ದು ಈ ಬ್ಲೌಸಿನಿಂದಲೇ. ಯಾರೋ ಹಾಡಿದ್ದನ್ನು, ಯಾರೋ ನುಡಿಸಿದ್ದನ್ನು ಬೇರೆಬೇರೆಯಾಗಿ ರೆಕಾರ್ಡ್ ಮಾಡಿ ಅವಳಿಗೆ ಕಳಿಸುತ್ತಾರೆ. ಅವಳು ಅವನ್ನೆಲ್ಲ ಕಂಪ್ಯೂಟರಿನಲ್ಲಿ ಸೇರಿಸಿ, ದನಿ ಎಷ್ಟು ಮುಂದಿರಬೇಕು, ತಬಲ ಎಷ್ಟು ಹಿಂದಿರಬೇಕು ಎಂದು ಹದ ಮಾಡಿ ಒಂದು ಹಾಡಾಗಿಸುತ್ತಾಳೆ. ಅದಕ್ಕೆ ಮಿಕ್ಸಿಂಗ್ ಎಂದು ಹೆಸರು. ಒಂದೇ ಹಾಡನ್ನು ಗಂಟೆಗಟ್ಟಲೆ ಕೇಳಿದರೆ ಕಿವಿ ಅದಕ್ಕೇ ಒಗ್ಗಿಹೋಗಿ ಹೆಚ್ಚು ಕಡಿಮೆ ತಿಳಿಯುವುದಿಲ್ಲವಂತೆ. ಹಾಗಾಗಿ ಚೆನ್ನಾಗಿ ತಯಾರಾದ ಬೇರೆ ಯಾರದೋ ಹಾಡನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನಿಷ್ಟು, ಇದನ್ನಿಷ್ಟು ಕೇಳುತ್ತ ಕೂರುತ್ತಾಳೆ.

"ರೆಫರೆನ್ಸ್ ಟ್ರ್ಯಾಕ್ ಅಂತಾರಮ್ಮ" ಎಂದಳು ಮೊದಲ ಸಲ.

"ಅಳತೆ ಬ್ಲೌಸ್ ಅನ್ನು" ಎಂದೆ.

ನಕ್ಕಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಅಳತೆ ಹಾಡು.

ಅದನ್ನು ಆರಿಸುವುದಕ್ಕೂ ಅವಳದೇ ಒಂದು ಕ್ರಮವಿತ್ತು. ಇಷ್ಟವಾದ ಹಾಡು ಬೇರೆ, ಚೆನ್ನಾಗಿ ತಯಾರಾದ ಹಾಡು ಬೇರೆ ಎನ್ನುತ್ತಿದ್ದಳು. ಭಜನೆಗೆ ಭಜನೆಯನ್ನೇ, ಜನಪದಕ್ಕೆ ಜನಪದವನ್ನೇ ಪಕ್ಕಕ್ಕಿಡಬೇಕು. ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರಬೇಕು, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿ ಕಿವಿ ಮೋಸಹೋಗುತ್ತದೆ. ಹೀಗೆ ಆರಿಸಿದ ಹದಿನಾಲ್ಕು ಹಾಡುಗಳು ಅವಳಲ್ಲಿದ್ದವು. ಒಂದನ್ನು ನಾನೂ ಬಲ್ಲೆ. ಕೊಳಲು, ಒಬ್ಬ ಹೆಂಗಸಿನ ದನಿ, ಕೊನೆಯಲ್ಲಿ ವಾದ್ಯಗಳೆಲ್ಲ ನಿಂತ ಮೇಲೆ ಯಾರೋ ಎದ್ದು ಆಚೆ ಹೋದಂತೆ ದೂರದಲ್ಲಿ ಸಣ್ಣ ಗೆಜ್ಜೆಯ ಸದ್ದು. ಹದಿನೆಂಟರ ವಯಸ್ಸಿನಿಂದ ಅವಳು ಯಾವ ಕೆಲಸ ಶುರುಮಾಡಿದರೂ ಮೊದಲು ಅದನ್ನು ಕೇಳುತ್ತಿದ್ದಳು. ಗೆಜ್ಜೆ ಹಾಡು ಎಂದೇ ಕರೆಯುತ್ತಿದ್ದೆವು.

ನಮ್ಮದು ಎರಡು ಕೋಣೆಯ ಮನೆ. ಮುಂದಿನದರಲ್ಲಿ ನನ್ನ ಹೊಲಿಗೆ ಮಿಷನ್, ಹಿಂದಿನದರಲ್ಲಿ ಅವಳ ಕಂಪ್ಯೂಟರ್. ನನ್ನ ಗಂಡ ರಂಗನಾಥ್ ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿರುವವರು ಇಬ್ಬರು, ಅವಳು ಹೆಡ್‌ಫೋನ್ ಹಾಕಿಕೊಂಡರೆ ನಾನೊಬ್ಬಳೇ. ಊಟಕ್ಕೆ ಕರೆಯಬೇಕೆಂದರೆ ಎದ್ದು ಹೋಗಿ ಭುಜ ಮುಟ್ಟಬೇಕು. ಮುಟ್ಟಿದಾಗ ಬೆಚ್ಚುತ್ತಾಳೆ, ಆಮೇಲೆ ನಗುತ್ತಾಳೆ. ಆ ನಗುವಿಗಾಗಿ ಕೆಲವು ದಿನ ಕಾರಣವಿಲ್ಲದೆಯೂ ಹೋಗಿ ಮುಟ್ಟಿದ್ದುಂಟು.

ಹೆಡ್‌ಫೋನ್ ತೆಗೆದಿಟ್ಟರೆ ಅವಳ ಕಿವಿ ಬಲು ಚುರುಕಾಗಿತ್ತು. ಎಣ್ಣೆ ಆರಿದರೆ ಮಿಷನ್ನಿನ ಸೂಜಿಕಂಬಿ ಸಣ್ಣಗೆ ಕಿರ್ರೆನ್ನುತ್ತದೆ. ಬಟ್ಟೆಯ ಮೇಲೆ ಕಣ್ಣಿಟ್ಟ ನಾನು ಅದನ್ನು ಗಮನಿಸುವ ಮುಂಚೆಯೇ ಒಳಗಿನಿಂದ "ಅಮ್ಮಾ, ಎಣ್ಣೆ" ಎಂಬ ಕೂಗು ಬರುತ್ತಿತ್ತು. ಅವರಪ್ಪ ಇದ್ದಾಗ ಇಬ್ಬರೂ ಒಟ್ಟಿಗೆ ಕೂಗುತ್ತಿದ್ದರು.

ಕುಣಿಗಲ್ಲಿನಿಂದ ಸೋಬಾನೆ ಪದಗಳು ಬಂದದ್ದು ಯುಗಾದಿ ಕಳೆದ ಮೇಲೆ. ರೇವಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸು ಮತ್ತು ಅವರ ಜೊತೆಯ ಮೂವರು. ಇಬ್ಬರು ಮುಂದೆ ಹೇಳಿದ್ದನ್ನು ಇಬ್ಬರು ಹಿಂದೆ ಹೇಳುವ ಎಂಟು ಮದುವೆ ಹಾಡುಗಳು. ಅಲ್ಲಿನ ತಿಮ್ಮರಾಜು ಮೇಷ್ಟ್ರು ಅವರನ್ನೆಲ್ಲ ಶಾಲೆಯ ಕೋಣೆಯಲ್ಲಿ ಕೂರಿಸಿ ರೆಕಾರ್ಡ್ ಮಾಡಿ ಕಳಿಸಿದ್ದರು. ವಾದ್ಯವೇನೂ ಇಲ್ಲ. ಸುಲಭದ ಕೆಲಸ ಅಂದುಕೊಂಡಳು ಕೃತಿಕಾ. ವಾರದೊಳಗೆ ಮುಗಿಸಿ ಕಳಿಸಿದಳು. ಎರಡು ದಿನಕ್ಕೆ ಮೇಷ್ಟ್ರ ಮೆಸೇಜು ಬಂತು: ರೇವಮ್ಮೋರು ಕಿವಿಗೆ ಚುಚ್ಚುತ್ತೆ ಅಂತಾರಮ್ಮ, ಇನ್ನೊಂದು ಸಲ ನೋಡಿ.

"ಅಳತೆ ಹಾಡೇ ಸರಿಯಿಲ್ಲ ಅನ್ಸುತ್ತೆ" ಎಂದು ಅವಳು ಬೇರೆ ಹಾಡು ಹುಡುಕಲು ಕೂತಳು.

ಅಲ್ಲಿಂದ ಶುರುವಾಯಿತು. ಒಂದು ಹಾಡು ಹಾಕುವಳು, ಅರ್ಧಕ್ಕೆ ನಿಲ್ಲಿಸುವಳು. ಹೆಡ್‌ಫೋನ್ ತೆಗೆದು ಸ್ಪೀಕರಿನಲ್ಲಿ ಹಾಕುವಳು. ನನ್ನನ್ನು ಕರೆಯುವಳು.

"ಮಂಕಾಗಿದೆ ಕಣಮ್ಮ. ದುಪ್ಪಟಿ ಹೊದ್ಕೊಂಡು ಹಾಡ್ದಂಗಿದೆ."

"ನಂಗೆ ಚೆನ್ನಾಗೇ ಕೇಳ್ತಿದೆಯಲ್ಲೇ."

"ನಿಂಗೆ ಎಲ್ಲಾ ಚೆನ್ನಾಗೇ ಕೇಳ್ಸುತ್ತೆ. ನಿನ್ನ ಕೇಳಿದ್ದು ನನ್ ತಪ್ಪು."

ಒಂದೊಂದಾಗಿ ಹದಿಮೂರನ್ನೂ ತಳ್ಳಿಹಾಕಿದಳು. ಹೊಸದಾಗಿ ಇಳಿಸಿಕೊಂಡವೂ ಮಂಕೇ. ಗೆಜ್ಜೆ ಹಾಡಿನ ಫೈಲು ಕೆಟ್ಟಿದೆ ಎಂದು ಶಿರಾ ಗೇಟಿನ ಹತ್ತಿರದ ಹಳೆಯ ಕ್ಯಾಸೆಟ್ ಅಂಗಡಿಗೆ ಹೋಗಿ ಅದರ ಸಿಡಿ ಹುಡುಕಿ ತಂದಳು. ಅದನ್ನು ಹಾಕಿಕೊಂಡು ಕೊನೆಯವರೆಗೂ ಕೇಳಿ, ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದ್ರಲ್ಲಿ ಗೆಜ್ಜೆನೇ ಇಲ್ವಲ್ಲ. ಯಾರೋ ಡೂಪ್ಲಿಕೇಟ್ ಮಾಡವ್ರೆ."

ನಾನು ಬಾಗಿಲಲ್ಲಿ ನಿಂತು ಕೇಳಿದ್ದೆ. ಗೆಜ್ಜೆ ಇತ್ತು.

ಆಗಲೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಎರಡು ದಿನದ ಮೇಲೆ, ಪಕ್ಕದ ಬೀದಿಯ ಬಾಣಂತಿ ಹುಡುಗಿಯೊಬ್ಬಳು ಮೂರು ಅಳತೆ ಬ್ಲೌಸ್ ತಂದಾಗ. "ಎಲ್ಲಾ ಕುಗ್ಗೋಗವೆ ಪ್ರಮೀಳಕ್ಕ. ತೌರ್ಮನೆ ನೀರೇ ಸರಿಯಿಲ್ಲ" ಎಂದಳು. "ಹೂಂ ಕಣೇ, ನೀರೇ ಇರ್ಬೇಕು" ಎಂದು ನಾನು ಯಾವಾಗಲೂ ಮಾಡುವಂತೆ ಅವಳಿಗೆ ಕಾಣದ ಹಾಗೆ ಪಕ್ಕದಲ್ಲಿ ಬಟ್ಟೆ ಬಿಟ್ಟು ಗೆರೆ ಎಳೆದೆ. ಮೂರು ಬ್ಲೌಸೂ ಒಟ್ಟಿಗೆ ಕುಗ್ಗುವುದಿಲ್ಲ. ಅದು ಅವಳಿಗೂ ಗೊತ್ತಿರುತ್ತದೆ, ನನಗೂ ಗೊತ್ತು. ಅವಳು ಹೋದ ಮೇಲೆ ಮಿಷನ್ ತುಳಿಯತೊಡಗಿದೆ. ಕಿರ್ರ್ ಎಂದಿತು. ನನ್ನ ಕಾಲು ನಿಂತುಹೋಯಿತು.

ಹದಿನಾಲ್ಕು ಹಾಡೂ ಒಟ್ಟಿಗೆ ಮಂಕಾಗುವುದಿಲ್ಲ.

"ಅಮ್ಮಾ, ಎಣ್ಣೆ" ಎಂಬ ಕೂಗು ಕೇಳಿ ಎಷ್ಟು ದಿನವಾಯಿತು ಎಂದು ನೆನೆಸಿಕೊಂಡೆ. ಸಂಕ್ರಾಂತಿಗೆ ಮುಂಚಿನ ಮಾತು. ಅಂದಿನಿಂದ ನಾನೇ ನೋಡಿ ಎಣ್ಣೆ ಬಿಡುತ್ತಿದ್ದೆ, ಅಷ್ಟೇ. ಕರೆಂಟು ಹೋದಾಗ ಅವಳ ಮೇಜಿನ ಕೆಳಗಿನ ಯುಪಿಎಸ್ ಕೀಂ ಕೀಂ ಎನ್ನುತ್ತದೆ. ಮೊನ್ನೆ ಹೆಡ್‌ಫೋನ್ ಇಲ್ಲದೆ ಅದರ ಪಕ್ಕದಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ನಾನು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಗುಂಡಿ ಒತ್ತಿದ್ದೆ.

ಐದು ದಿನ ಮಿಷನ್ನಿಗೆ ಎಣ್ಣೆ ಹಾಕಲಿಲ್ಲ. ಐದನೆಯ ದಿನ ಅದು ಎದುರುಮನೆಯವರು ಕಿಟಕಿಯಿಂದ ಇಣುಕುವಷ್ಟು ಕಿರಗುಟ್ಟಿತು. ಒಳಗಿನ ಕೋಣೆಯಿಂದ ಏನೂ ಬರಲಿಲ್ಲ. ನನ್ನ ಮಾತೆಲ್ಲ ಕೇಳುತ್ತದೆ, ಕುಕ್ಕರಿನ ಕೂಗು ಕೇಳುತ್ತದೆ. ಈ ಸಣ್ಣ ಸಣ್ಣ ಸದ್ದುಗಳಿಲ್ಲ. ತನಗೆ ಕೇಳದ್ದನ್ನು ಅವಳು ಹಾಡಿನಲ್ಲಿ ಹೆಚ್ಚಿಸುತ್ತಿದ್ದಾಳೆ, ಕೇಳುವವರಿಗೆ ಅದು ಚುಚ್ಚುತ್ತಿದೆ. ಹೇಳಬೇಕಾದದ್ದು ಇಷ್ಟೇ, ಒಂದು ವಾಕ್ಯ. ಅದನ್ನು ಬಾಯಲ್ಲಿಟ್ಟುಕೊಂಡೇ ಪಾತ್ರೆ ತೊಳೆದೆ, ಕಾಜ ಹೊಲಿದೆ, ಹೆಸರುಕಾಳು ನೆನೆಹಾಕಿದೆ. ಅವಳಿಗೆ ಇಪ್ಪತ್ತಾರು. ಈ ಕೆಲಸ ಬಿಟ್ಟರೆ ಬೇರೆ ಏನನ್ನೂ ಅವಳು ಬಯಸಿದವಳಲ್ಲ.

ಎರಡನೆಯ ಸಲ ಮಾಡಿದ ಹಾಡುಗಳನ್ನು ನನಗೆ ಹಾಕಿ ಕೇಳಿಸಿದಳು. 'ಸ' ಬಂದಲ್ಲೆಲ್ಲ ಕಿವಿಗೆ ಸೂಜಿ ಹೊಕ್ಕಂತಾಯಿತು.

"ಹೆಂಗಿದೆ?"

"ಚೆನ್ನಾಗಿದೆ ಕಣೇ."

"ನಿಜವಾಗ್ಲೂ?"

"ನಿಜವಾಗ್ಲೂ."

ಈ ಸಲ ಫೋನಿನಲ್ಲಿ ಕಳಿಸುವುದು ಬೇಡ, ಎದುರಿಗೇ ಕೂತು ಕೇಳಿಸುತ್ತೇನೆ ಎಂದು ಅವಳು ಹೊರಟಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಕುಣಿಗಲ್ಲಿಗೆ ಬಸ್ಸು ಹತ್ತಿದೆ.

ರೇವಮ್ಮನ ಮನೆಯ ಜಗಲಿಯಲ್ಲಿ ನಾಲ್ವರೂ ಕಾಲು ಚಾಚಿ ಕೂತಿದ್ದರು. ಕೃತಿಕಾ ಸಣ್ಣ ಸ್ಪೀಕರನ್ನು ಮೊರದ ಪಕ್ಕದಲ್ಲಿಟ್ಟು ಹಾಡು ಹಾಕಿದಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಸಿದ್ದಗಂಗಮ್ಮ ಎಂಬಾಕೆ ಬಾಯಿಗೆ ಸೆರಗು ಒತ್ತಿದರು.

"ರೇವಕ್ಕ, ನಿನ್ ಹಲ್ ಸೆಟ್ ಕಟಕಟ ಅನ್ನೋದೂ ಬಂದೈತೆ ಕಣೇ."

"ನಂದು ಹಲ್ಲು. ನಿಂದು ಮೂಗು. ಸೊಯ್ ಅಂತ ಎಳ್ಕಳದು ಊರಿಗೇ ಕೇಳ್ತದೆ, ಸುಮ್ನೆ ಕುಂತ್ಕ."

ಎಲ್ಲರೂ ನಕ್ಕರು. ಕೃತಿಕಾ ನಗಲಿಲ್ಲ. ಹಾಡು ಮುಗಿದ ಮೇಲೆ ರೇವಮ್ಮ ಅವಳ ಮೊಣಕಾಲ ಮೇಲೆ ಕೈಯಿಟ್ಟರು. "ಬೇಜಾರ್ ಮಾಡ್ಕಬ್ಯಾಡ ಮಗ. ನಮ್ ದನಿ ಇದಲ್ಲ. ತಗಡಿನ್ ಮೇಲೆ ಹನಿ ಉಯ್ದಂಗೈತೆ."

"ಎಲ್ಲಿ ಅಜ್ಜಿ? ಯಾವ್ ಜಾಗದಲ್ಲಿ ಚುಚ್ಚುತ್ತೆ, ತೋರ್ಸಿ."

ಮತ್ತೆ ಹಾಕಿದಳು. ಈ ಸಲ ಅವಳು ಸ್ಪೀಕರನ್ನು ನೋಡಲಿಲ್ಲ, ಅವರ ಮುಖಗಳನ್ನು ನೋಡಿದಳು. ಒಂದು ಕಡೆ ನಾಲ್ವರ ಕಣ್ಣೂ ಒಟ್ಟಿಗೆ ಕಿರಿದಾದವು. "ಇಗಾ" ಎಂದರು ಸಿದ್ದಗಂಗಮ್ಮ. ಸ್ವಲ್ಪ ಹೊತ್ತಿಗೆ ಮತ್ತೆ ನಾಲ್ವರದೂ. ಕೃತಿಕಾ ತಟ್ಟನೆ ನನ್ನತ್ತ ತಿರುಗಿದಳು. ನಾನು ಮುಖ ಸರಿಮಾಡಿಕೊಂಡೆ, ತಡವಾಗಿತ್ತು.

"ಬುಡು ಮಗ, ಮೇಷ್ಟ್ರು ಬ್ಯಾರೆ ಯಾರ ಕೈಲಾದ್ರೂ ಮಾಡುಸ್ತಾರಂತೆ. ನೀನ್ಯಾಕೆ ಒದ್ದಾಡ್ತೀಯ" ಎಂದರು ರೇವಮ್ಮ. ಒಳ್ಳೆಯ ಮಾತೆಂದೇ ಅವರು ಅಂದದ್ದು. ಮಜ್ಜಿಗೆ ಕೊಟ್ಟರು.

"ಇನ್ನೊಂದೇ ಒಂದು ಸಲ ಅಜ್ಜಿ" ಎಂದಳು ಕೃತಿಕಾ. "ಮೂರ್ನೇದೂ ಹಿಂಗೇ ಇದ್ರೆ ನಾನೇ ಮೇಷ್ಟ್ರಿಗೆ ಹೇಳ್ತೀನಿ."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಕೂತಳು. ಫೋನು ಬ್ಯಾಗಿನೊಳಗಿತ್ತು, ವಯರು ಅವಳ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅದರಲ್ಲಿ ಏನೂ ಓಡುತ್ತಿರಲಿಲ್ಲ. ನಾನು ಅದನ್ನು ನೋಡದವಳಂತೆ ಎದುರು ಸೀಟಿನ ಕಂಬಿ ಹಿಡಿದು ಕೂತೆ.

ನಾವು ಮುಂಚೆ ಇದ್ದ ಗುಬ್ಬಿ ನೆನಪಾಯಿತು. ಅಲ್ಲಿ ರಂಗನಾಥ್ ಮದುವೆ, ನಾಟಕ, ಆರ್ಕೆಸ್ಟ್ರಾಗಳಿಗೆ ಸೌಂಡ್ ಸೆಟ್ ಹಾಕುತ್ತಿದ್ದರು. ಆಳು ಸಿಗದ ದಿನ ವಯರು ಎಳೆಯಲು ನಾನೂ ಹೋಗುತ್ತಿದ್ದೆ. ಮಗುವನ್ನು ಬಿಡಲು ಯಾರೂ ಇರಲಿಲ್ಲ. ಜನರ ಕಾಲಿಗೆ ಸಿಗದ ಜಾಗ ಒಂದೇ, ಸ್ಪೀಕರ್ ಡಬ್ಬಗಳ ಹಿಂದೆ. ಅಲ್ಲಿ ಆಂಪ್ಲಿಫೈಯರಿನ ಬಿಸಿಯೂ ಇರುತ್ತಿತ್ತು. ಕಂಬಳಿ ಹಾಸಿ ಮಲಗಿಸುತ್ತಿದ್ದೆ. ಕಿವಿಗೆ ಹತ್ತಿ ತುರುಕುತ್ತಿದ್ದೆ, ನಿದ್ದೆಯಲ್ಲಿ ಅವಳು ಕಿತ್ತು ಹಾಕುತ್ತಿದ್ದಳು. ಬೆಳ್ಳಾವಿಯ ಒಂದು ಮದುವೆಯಲ್ಲಿ, ಅಷ್ಟು ಗದ್ದಲದಲ್ಲೂ ನಿದ್ದೆ ಮಾಡ್ತದಲ್ಲ ಇದು, ಸೌಂಡ್‌ನೋರ ಮಗಳು ಅಂದ್ರೆ ಇದಪ್ಪ ಎಂದು ಯಾರೋ ಅಂದಿದ್ದರು. ನನಗೆ ಹೆಮ್ಮೆಯಾಗಿತ್ತು. ಹದಿನೇಳಕ್ಕೆಲ್ಲ ಅವಳೇ ಆ ಡಬ್ಬಗಳ ಪಕ್ಕ ನಿಂತು ಅಪ್ಪನ ಸೆಟ್ ನಡೆಸಿದಳು. ಅವರು ಹೋದ ಮೇಲೆ ಸೆಟ್ ಬೇರೆಯವರ ಕೈಸೇರಿತು. ನಾವು ತುಮಕೂರಿಗೆ ಬಂದೆವು.

ಮರುದಿನ ಬೆಳಗಿನ ಕೆಲಸ ಮುಗಿಸಿ ಮಿಷನ್ನಿನ ಮುಂದೆ ಕೂತೆ. ಒಳಗಿನಿಂದ ಕೃತಿಕಾ ಬಂದು ನನ್ನೆದುರು ಚಾಪೆಯ ಮೇಲೆ ಕೂತಳು. ಕೈಯಲ್ಲಿ ಫೋನಿತ್ತು.

"ನಿನ್ನೆ ನೀನೂ ಮುಖ ಕಿವುಚಿದೆ."

ನಾನು ಸೂಜಿಯ ಕೆಳಗೆ ಬಟ್ಟೆ ಸರಿಸಿದೆ.

"ಮೊನ್ನೆ ಚೆನ್ನಾಗಿದೆ ಅಂದಿದ್ದೆ."

"ಕೃತಿ, ಮಿಷನ್ ಸದ್ದು ಕೇಳ್ತಿದ್ಯಾ?" ಎಂದು ತುಳಿದೆ.

"ಕೇಳ್ತಿದೆ. ಟಕಟಕ ಅಂತಿದೆ."

"ಬೇರೆ?"

ಅವಳು ತಲೆ ವಾಲಿಸಿ ಕೇಳಿದಳು. ಚಿಕ್ಕಂದಿನಲ್ಲಿ ಪರೀಕ್ಷೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗಲೂ ಹೀಗೇ ತಲೆ ವಾಲಿಸುತ್ತಿದ್ದಳು. "ಬೇರೆ ಏನಿದೆ?"

"ಎಣ್ಣೆ ಹಾಕಿ ಎರಡು ವಾರಕ್ಕೆ ಬಂತು ಕಣೇ."

ಅವಳು ಎದ್ದು ಬಂದು ಸೂಜಿಕಂಬಿಯ ಮೇಲೆ ಬೆರಳಿಟ್ಟಳು. ನಾನು ನಿಧಾನವಾಗಿ ತುಳಿದೆ. ಬೆರಳಿಗೆ ಅದು ತಿಳಿದಿರಬೇಕು. ಕೈ ತೆಗೆದು ಮತ್ತೆ ಚಾಪೆಯ ಮೇಲೆ ಕೂತಳು.

"ಇದ್ರಲ್ಲಿ ಒಂದು ಆ್ಯಪ್ ಇದೆ. ಒಂದೇ ಸದ್ದು ಸಣ್ಣಗಾಗ್ತಾ ಮೇಲಕ್ಕೆ ಹೋಗುತ್ತೆ. ಯಾರಿಗಾದ್ರೂ ಒಂದು ಕಡೆ ನಿಲ್ಲುತ್ತೆ. ವಯಸ್ಸಾದಷ್ಟೂ ಬೇಗ ನಿಲ್ಲುತ್ತೆ. ನಿಂಗೆ ಐವತ್ತೆರಡು, ನಿಂದು ಮೊದ್ಲು ನಿಲ್ಬೇಕು."

"ಹೂಂ."

"ಸುಳ್ಳು ಹೇಳ್ಬೇಡ."

ಫೋನನ್ನು ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟು ಒತ್ತಿದಳು. ಮೊದಲು ದಪ್ಪಗೆ, ಶಂಖ ಊದಿದಂತೆ ಬಂತು. ಆಮೇಲೆ ತೆಳುವಾಯಿತು. ಪರದೆಯ ಮೇಲೆ ಅಂಕಿಗಳು ಏರುತ್ತಿದ್ದವು. ಎರಡು ಸಾವಿರ. ಮೂರು ಸಾವಿರ. ಕೃತಿಕಾ ಕಣ್ಣು ಮುಚ್ಚಿ ಕೂತಿದ್ದಳು. ನಾಲ್ಕು ಸಾವಿರ ದಾಟಿ ಸ್ವಲ್ಪ ಹೊತ್ತಿಗೆ ಅವಳು ಕಣ್ಣು ತೆರೆದಳು.

"ಮುಗೀತು" ಎಂದಳು. "ನಿಂಗೆ?"

ಸದ್ದು ನನ್ನ ಕಿವಿಯಲ್ಲಿ ಸ್ಪಷ್ಟವಾಗಿತ್ತು, ಬೆಳಕಿನ ಗೆರೆಯಂತೆ. ನಂಗೂ ಮುಗೀತು ಎನ್ನುವುದು ಎಷ್ಟು ಸುಲಭ. ಆ್ಯಪ್ ಸರಿಯಿಲ್ಲ ಎನ್ನಬಹುದು, ನೀರು ಸರಿಯಿಲ್ಲ ಎಂದಂತೆ. ಅವಳ ಮುಖದಲ್ಲಿ ಅದಕ್ಕೇ ಕಾಯುತ್ತಿದ್ದ ಒಂದು ಆಸೆಯೂ ಇತ್ತು. ಹಾಗೆಂದರೆ ಅವಳು ಇವತ್ತು ಊಟ ಮಾಡುತ್ತಾಳೆ. ನಾಳೆ ಹದಿನೈದನೆಯ ಹಾಡು ಹುಡುಕುತ್ತಾಳೆ. ಮೂರನೆಯ ಸಲ ಕುಣಿಗಲ್ಲಿಗೆ ಹೋಗಿ ಆ ಜಗಲಿಯಲ್ಲಿ ನಾಲ್ಕು ಮುಖಗಳನ್ನು ನೋಡುತ್ತ ಒಬ್ಬಳೇ ಕೂರುತ್ತಾಳೆ.

"ಇನ್ನೂ ಕೇಳ್ತಿದೆ" ಎಂದೆ.

ಐದು ಸಾವಿರ.

"ಈಗ?"

"ಇದೆ."

ಏಳು ಸಾವಿರ. ಎಂಟು. ಅವಳು ಅಂಕಿಯನ್ನೂ ನನ್ನ ಮುಖವನ್ನೂ ನೋಡುತ್ತಿದ್ದಳು. ನನಗೆ ಮಾತ್ರ ಕೇಳುವ ಆ ಸದ್ದು ಕೋಣೆಯಲ್ಲೆಲ್ಲ ತುಂಬಿತ್ತು. ಬೇಗ ನಿಲ್ಲಲಿ ಎಂದು ಬೇಡಿಕೊಂಡೆ. ನಿಲ್ಲಲಿಲ್ಲ. ಹತ್ತು ಸಾವಿರಕ್ಕೆ ಬಂದಾಗ ಎಳೆಯಷ್ಟಾಯಿತು. ಹನ್ನೊಂದು ದಾಟಿದ ಮೇಲೆ ಹೋಯಿತು.

"ಮುಗೀತು" ಎಂದೆ.

ಅವಳು ಫೋನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಆದರೂ ನಾನು ಹಿಂದೆ ಹೋಗಲಿಲ್ಲ. ಮಿಷನ್ನಿಗೆ ಎಣ್ಣೆ ಬಿಟ್ಟೆ. ಹೊಲಿದಿಟ್ಟಿದ್ದ ಯಾರದೋ ಬ್ಲೌಸಿನ ತೋಳಿನ ಮೇಲೆ ಎರಡು ತೊಟ್ಟು ಬಿತ್ತು. ಅದನ್ನು ತೊಳೆದು ಒಣಹಾಕಿ ಅನ್ನಕ್ಕಿಟ್ಟೆ.

ಬಿ.ಎಚ್. ರಸ್ತೆಯ ಕಿವಿ ಡಾಕ್ಟರು ಎರಡು ಗಂಟೆ ಪರೀಕ್ಷೆ ಮಾಡಿದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು. ಅವಳಿಗೆ ಕೇಳುವುದೆಷ್ಟು ಎಂದು ತೋರಿಸುವ, ಇಳಿಯುತ್ತಿರುವ ಗೆರೆಯ ಒಂದು ಚಿತ್ರವನ್ನು ಕೊಟ್ಟರು. ಗುಬ್ಬಿಯ ಕಂಬಳಿಯ ವಿಷಯ ಹೇಳಿದೆ. ಅದರಿಂದಲೇ ಎಂದು ಹೇಳಲಾಗದು, ಅಲ್ಲ ಎಂದೂ ಹೇಳಲಾಗದು ಎಂದರು. ಹೊರಗೆ ಬಂದ ಮೇಲೆ ಕೃತಿಕಾ, "ಆ ಕಂಬಳಿ ನಂಗೆ ನೆನಪಿದೆ, ಬೆಚ್ಚಗಿರ್ತಿತ್ತು" ಎಂದಳು. ಅಷ್ಟು ಬಿಟ್ಟರೆ ಇನ್ನೊಂದು ಮಾತು ಅದರ ಬಗ್ಗೆ ನಮ್ಮ ನಡುವೆ ಆಗಿಲ್ಲ.

ಮೂರು ವಾರ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ಹೆಡ್‌ಫೋನ್ ಮೊಳೆಗೆ ನೇತಾಡುತ್ತಿತ್ತು. ಈಗ ಕರೆಯಲು ಭುಜ ಮುಟ್ಟಬೇಕಾಗಿರಲಿಲ್ಲ, ಕೂಗಿದರೆ ಬರುತ್ತಿದ್ದಳು. ಬಂದು ಊಟ ಮಾಡಿ ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಮನೆ ಅಷ್ಟು ನಿಶ್ಶಬ್ದವಾಗಿ ಯಾವತ್ತೂ ಇರಲಿಲ್ಲ. ಒಂದು ದಿನ ನನ್ನ ಹತ್ತಿರ ಕೂತು ಬ್ಲೌಸುಗಳಿಗೆ ಹುಕ್ಸ್ ಹಾಕಿಕೊಟ್ಟಳು. ಎಲ್ಲವೂ ಸರಿಯಾಗಿದ್ದವು. ಅದನ್ನು ನೋಡಿ ನನಗೆ ಅಳು ಬಂತು.

ಮೇಷ್ಟ್ರು ಮತ್ತೆ ಮೆಸೇಜು ಮಾಡಿದ್ದರು, ಬೇರೆಯವರಿಗೆ ಕೊಡಲೇ ಎಂದು. ಅವಳು ಅದನ್ನು ನನಗೆ ತೋರಿಸಿದಳು. ಅವತ್ತು ಮಧ್ಯಾಹ್ನ ನಾನು ಬೇಳೆ ಆರಿಸುತ್ತಿದ್ದೆ.

"ಅಮ್ಮ, ಒಂಚೂರು ಬರ್ತೀಯಾ?"

ಮೊರ ಹಿಡಿದೇ ಹೋದೆ. ತನ್ನ ಕುರ್ಚಿಯ ಪಕ್ಕದಲ್ಲಿ ನನಗೊಂದು ಸ್ಟೂಲು ಹಾಕಿದ್ದಳು.

"ಮೊದ್ಲು ಅಳತೆ ಹಾಡು ಕೇಳ್ಸ್ತೀನಿ. ಆಮೇಲೆ ರೇವಮ್ಮಂದು. ಎಲ್ಲಿ ಚುಚ್ಚುತ್ತೋ ಅಲ್ಲಿ ಕೈ ಎತ್ತು. ಚೆನ್ನಾಗಿದೆ ಅನ್ನೋ ಪದ ಈ ಕೋಣೆಲಿ ಬೇಡ."

"ಮತ್ತೇನನ್ಲಿ?"

"ಹೆಂಗಿದೆಯೋ ಹಂಗನ್ನು. ಬ್ಲೌಸ್ ನೋಡ್ದಂಗೆ ನೋಡು."

ಎಂಟು ಹಾಡಿಗೆ ಹನ್ನೊಂದು ದಿನ ಹಿಡಿಯಿತು. ಕೆಳಗಿನ ದಪ್ಪ ಸದ್ದಿನ ಭಾರವೆಲ್ಲ ಅವಳೇ ನೋಡಿಕೊಂಡಳು, ಅದು ಅವಳಿಗೆ ನನಗಿಂತ ಚೆನ್ನಾಗಿ ಕೇಳುತ್ತದೆ. ಮೇಲಿನ ಸಣ್ಣ ಸದ್ದಿಗೆ ನಾನು ಕೈ ಎತ್ತಿದೆ. ಇಲ್ಲಿ ಸೂಜಿ ಹೊರಗೆ ಬಂದಿದೆ. ಇಲ್ಲಿ ಜಾಸ್ತಿ ಎಳೆದು ನೆರಿಗೆ ಬಿದ್ದಿದೆ. ಇಲ್ಲಿ ಅಳತೆ ಹಾಡಿಗಿಂತ ಸಡಿಲ. ಒಮ್ಮೊಮ್ಮೆ ನನ್ನ ಮಾತು ಕೇಳಿ ಕೋಪ ಮಾಡಿಕೊಂಡಳು, ಒಮ್ಮೆ ಎದ್ದು ಹೊರಗೆ ಹೋದಳು. ನಾನು ಸ್ಟೂಲಿನ ಮೇಲೇ ಕೂತಿದ್ದೆ. ಬಂದಳು.

ಹಾಡುಗಳನ್ನು ಕಳಿಸಿದ ಮರುದಿನ ರೇವಮ್ಮ ಫೋನು ಮಾಡಿದರು. "ಹಲ್ ಸೆಟ್ ಸದ್ದು ಎಲ್ಲವ್ವ, ತೆಗೆದ್ಬುಟ್ಟಾ?" ಎಂದರು. ಆಮೇಲೆ, "ಇದು ನಾವೇ ಕಣ್ ಮಗ" ಎಂದರು. ಕೃತಿಕಾ ಫೋನಿಟ್ಟು ನನ್ನ ಸ್ಟೂಲನ್ನು ಗೋಡೆಗೆ ಸರಿಸಿದಳು. ಖುಷಿಯಾಗಲಿಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ನಿನ್ನೆ ಸಂಜೆ ಬಟ್ಟೆ ಮಡಚುತ್ತಿದ್ದಾಗ ಮತ್ತೆ ಕರೆದಳು. ಕೆಲಸವೇನೂ ಇರಲಿಲ್ಲ. ಸ್ಪೀಕರಿನಲ್ಲಿ ಗೆಜ್ಜೆ ಹಾಡು ಓಡುತ್ತಿತ್ತು. ಕೊಳಲು ಬಂತು, ದನಿ ಬಂತು. ಅವಳಿಗೆ ಅವು ದುಪ್ಪಟಿಯೊಳಗಿನಿಂದ ಬರುತ್ತಿವೆ ಎಂದು ಈಗ ನನಗೆ ಗೊತ್ತು. ಕೊನೆಗೆ ವಾದ್ಯಗಳು ಒಂದೊಂದಾಗಿ ನಿಂತವು. ಅವಳಿಗೆ ಹಾಡು ಅಲ್ಲಿಗೆ ಮುಗಿಯಿತು.

"ಇದೆಯಾ?" ಎಂದಳು.

"ಇದೆ."

"ಹೆಂಗಿದೆ, ಹೇಳು."

"ಒಳಗಿನ ಕೋಣೆಯಿಂದ ಎದ್ದು ಹೋಗ್ತಿದಾಳೆ. ಬಲಗಡೆ. ನಡುಮನೆ ದಾಟಿದ್ಲು. ಈಗ ಹೊಸ್ತಿಲು."

"ಹೂಂ" ಎಂದಳು ಕೃತಿಕಾ. ಅವಳ ತಲೆ ನಿಧಾನವಾಗಿ ಆಡುತ್ತಿತ್ತು, ನನ್ನ ಮಾತಿಗಿಂತ ಒಂದು ಹೆಜ್ಜೆ ಮುಂದೆ. "ಗೆಜ್ಜೆ ಇನ್ನು ಮೂರು ಸಲ ಬರ್ಬೇಕು."

ಮೂರು ಸಲ ಬಂತು. ಪ್ರತಿ ಸಲವೂ ನಾನು ಕೈ ಎತ್ತಿದೆ.